ಓಡುವ ಗುಂಡಿಗೆಯನ್ನು ನಿಧಾನ ಮಾಡೋದು ಯಾಕೆ? ಒಂದು ಬಡಿತ, ನಾಲ್ಕು ಕೋಣೆ, ನಾಲ್ಕು ಬಾಗಿಲು

ಈ ಸಲದ ಮಾತುಕತೆಯ ಬರಹ ರೂಪ ಇದು. ವಿಡಿಯೋದಲ್ಲಿ ಬೋರ್ಡ್ ಮೇಲೆ ಸರಸರ ಅಂತ ಹಾಕಿದ ಲೆಕ್ಕಗಳನ್ನು ಇಲ್ಲಿ ನಿಧಾನವಾಗಿ ಓದಬಹುದು. ಮೊದಲೇ ಹೇಳಿಬಿಡ್ತೀನಿ, ನಾನು ಡಾಕ್ಟರಲ್ಲ. ಎಂಟೆಕ್ ಮಾಡಿ ಪುಣೆಯಲ್ಲಿ ಕೋಡ್ ಬರೆಯೋನು. ಹೃದಯದ ಬಗ್ಗೆ ಓದಬೇಕಾಗಿ ಬಂದಿದ್ದು ನಮ್ಮಮ್ಮನಿಂದ, ಅದೂ ನಾನೇ ಮಾಡಿದ ಒಂದು ತಪ್ಪಿನಿಂದ.

ಎರಡು ವರ್ಷದ ಹಿಂದೆ ಅಮ್ಮ ಕಡೂರಿನಿಂದ ನಮ್ಮ ಮನೆಗೆ ಬಂದಿದ್ರು. ವಾಕಡ್‌ನಲ್ಲಿ ನಾಲ್ಕನೇ ಮಹಡಿ. ಒಂದಿನ ಲಿಫ್ಟ್ ಕೆಟ್ಟಿತ್ತು. ಎರಡನೇ ಮಹಡಿಗೆ ಬರೋ ಹೊತ್ತಿಗೆ ಅಮ್ಮ ಮೆಟ್ಟಿಲ ಮೇಲೇ ಕೂತುಬಿಟ್ರು. ಉಸಿರು ಸಿಗ್ತಿಲ್ಲ. "ವಯಸ್ಸಾಯ್ತಲ್ಲಪ್ಪ" ಅಂದ್ರು. ಅವರಿಗೆ ಆಗ 56. ಹತ್ತು ನಿಮಿಷ ಕೂತ ಮೇಲೆ ಏನೂ ಆಗಿಲ್ಲವೇನೋ ಅನ್ನೋ ಹಾಗೆ ಎದ್ದು ಬಂದು ಅಡುಗೆಗೆ ನಿಂತ್ರು. ಕೂತ್ರೆ ಸರಿ, ಹತ್ತಿದ್ರೆ ಕಷ್ಟ. ಆಮೇಲೆ ಕೇಳಿದ್ರೆ, ಒಂದು ವರ್ಷದಿಂದ ಹೀಗೇ ಇತ್ತಂತೆ, ಯಾರಿಗೂ ಹೇಳಿರಲಿಲ್ಲ.

ಹೃದಯದ ಡಾಕ್ಟರ ಹತ್ರ ಕರ್ಕೊಂಡು ಹೋದೆ. ಅವರು ಸ್ಟೆತಾಸ್ಕೋಪ್ ಇಟ್ಟು ಒಂದೆರಡು ನಿಮಿಷ ಕಣ್ಣು ಮುಚ್ಚಿ ಕೇಳಿದ್ರು, ಅಮ್ಮನನ್ನು ಎಡಕ್ಕೆ ಹೊರಳಿ ಮಲಗೋಕೆ ಹೇಳಿ ಮತ್ತೆ ಕೇಳಿದ್ರು, ಎಕೋ ಮಾಡಿಸಿ ಅಂದ್ರು. ರಿಪೋರ್ಟ್ ಬಂತು: ಮೈಟ್ರಲ್ ಸ್ಟೆನೋಸಿಸ್, ವಾಲ್ವ್ ಏರಿಯಾ 1.2 ಚದರ ಸೆಂಟಿಮೀಟರ್. ಸದ್ಯಕ್ಕೆ ಎರಡು ಮಾತ್ರೆ ಬರೆದುಕೊಟ್ರು. ಡಾಕ್ಟರು ಹಿಂದಿಯಲ್ಲಿ ಹೇಳಿದ್ದನ್ನು ಅಮ್ಮನಿಗೆ ಕನ್ನಡದಲ್ಲಿ ಹೇಳೋ ಕೆಲಸ ನಂದು. ನಾನು ಹೇಳಿದ್ದಿಷ್ಟೇ: "ಇದು ನೀರು ಹೋಗೋಕೆ. ಇದು ಹೃದಯದ ವೇಗ ಕಡಿಮೆ ಮಾಡೋಕೆ."

ಎರಡು ವಾರ ಆದ ಮೇಲೆ ನೋಡ್ತೀನಿ, ಎರಡನೇ ಮಾತ್ರೆಯ ಪಟ್ಟಿ ಒಡೆಯದೇ ಡ್ರಾಯರಿನಲ್ಲಿದೆ. ಯಾಕಮ್ಮ ಅಂದ್ರೆ, "ಅಲ್ಲ ಕಣೋ, ಮೊದಲೇ ಗುಂಡಿಗೆ ಸೋತಿದೆ. ಅದನ್ನ ಇನ್ನೂ ನಿಧಾನ ಮಾಡಿದ್ರೆ ನಿಂತೇ ಹೋಗಲ್ವಾ?" ಅಂದ್ರು.

ನನ್ನ ಹತ್ರ ಉತ್ತರ ಇರಲಿಲ್ಲ. ಪ್ರಶ್ನೆ ನ್ಯಾಯವಾಗೇ ಇತ್ತು. ಪಂಪು ಸಾಕಾಗ್ತಿಲ್ಲ ಅಂದ್ರೆ ಜೋರಾಗಿ ಓಡಿಸಬೇಕು ತಾನೇ? ಈ ಬರಹ ಆ ಪ್ರಶ್ನೆಗೆ ನಾನು ಕೊನೆಗೂ ಅಮ್ಮನಿಗೆ ಕೊಟ್ಟ ಉತ್ತರ.

ಮನೆಯ ನಕ್ಷೆ

ಹೈಸ್ಕೂಲಲ್ಲಿ ಹೃತ್ಕರ್ಣ, ಹೃತ್ಕುಕ್ಷಿ ಅಂತ ಬಾಯಿಪಾಠ ಮಾಡಿದ್ದು ನೆನಪಿರಬಹುದು. ಮೇಲಿನ ಎರಡು ಕೋಣೆ ಹೃತ್ಕರ್ಣಗಳು, ಕೆಳಗಿನ ಎರಡು ಹೃತ್ಕುಕ್ಷಿಗಳು. ನಾನು ಮೇಲಿನ ಕೋಣೆ, ಕೆಳಗಿನ ಕೋಣೆ ಅಂತಲೇ ಕರೀತೀನಿ.

ಹೃದಯ ಅಂದ್ರೆ ನಿಜವಾಗಿ ಒಂದೇ ಗೋಡೆ ಹಂಚಿಕೊಂಡ ಎರಡು ಪಂಪು. ಬಲಗಡೆಯದು ಮೈಯಿಂದ ವಾಪಸ್ ಬಂದ ರಕ್ತವನ್ನು ಶ್ವಾಸಕೋಶಕ್ಕೆ ಕಳಿಸುತ್ತೆ. ಎಡಗಡೆಯದು ಶ್ವಾಸಕೋಶದಿಂದ ಆಮ್ಲಜನಕ ತುಂಬಿಕೊಂಡು ಬಂದ ರಕ್ತವನ್ನು ಇಡೀ ಮೈಗೆ ಕಳಿಸುತ್ತೆ. ಶ್ವಾಸಕೋಶ ಪಕ್ಕದಲ್ಲೇ ಇರೋದ್ರಿಂದ ಬಲಗಡೆಗೆ ಕೆಲಸ ಹಗುರ, ಅದರ ಒತ್ತಡ ಹೆಚ್ಚೂಕಡಿಮೆ 25 ಎಂಎಂ ಪಾದರಸ. ಎಡಗಡೆಯದು 120 ಮುಟ್ಟಬೇಕು. ನಾವು ಬಿಪಿ ನೋಡಿಸಿದಾಗ ಬರುತ್ತಲ್ಲ 120, ಅದೇ. ಹಾಗಾಗಿ ಎಡ ಕೆಳಕೋಣೆಯ ಗೋಡೆ ಬಲಕ್ಕಿಂತ ಬಹಳ ದಪ್ಪ.

ಬಾಗಿಲು ನಾಲ್ಕು. ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ಎರಡು: ಬಲಕ್ಕೆ ಮೂರು ಎಸಳಿನ ಟ್ರೈಕಸ್ಪಿಡ್, ಎಡಕ್ಕೆ ಎರಡು ಎಸಳಿನ ಮೈಟ್ರಲ್. ಕೆಳಗಿನ ಕೋಣೆಯಿಂದ ಹೊರಕ್ಕೆ ಎರಡು: ಶ್ವಾಸಕೋಶದ ದಾರಿಗೆ ಪಲ್ಮನರಿ, ಮೈಯ ದಾರಿಗೆ ಅಯೋರ್ಟಿಕ್. ಕೊನೆಯ ಎರಡಕ್ಕೂ ಮೂರು ಮೂರು ಎಸಳು.

ಬಾಗಿಲಿಗೆ ಮೋಟರ್ ಇಲ್ಲ

ನಾನು ಮೊದಲು ತಪ್ಪು ತಿಳಿದದ್ದು ಇಲ್ಲೇ. ನಮ್ಮ ಕೋಡ್ ತಲೆಗೆ ಎಲ್ಲವೂ ಕಮಾಂಡ್. ಹೃದಯದಲ್ಲಿ ಕರೆಂಟ್ ಇದೆ, ಹಾಗಿದ್ರೆ "ತೆರೆ", "ಮುಚ್ಚು" ಅಂತ ವಾಲ್ವ್‌ಗೂ ಒಂದು ಸಿಗ್ನಲ್ ಹೋಗ್ತಿರಬೇಕು ಅಂದುಕೊಂಡಿದ್ದೆ. ಹೋಗಲ್ಲ. ಎಸಳುಗಳು ತೆಳ್ಳನೆಯ ಪದರ ಅಷ್ಟೇ, ತಾವಾಗಿ ಎಳೆದು ಮುಚ್ಚೋ ಸ್ನಾಯು ಅವುಗಳಲ್ಲಿಲ್ಲ. ಹಿಂದೆ ಒತ್ತಡ ಜಾಸ್ತಿ ಆದ್ರೆ ತೆರೀತವೆ, ಮುಂದೆ ಒತ್ತಡ ಜಾಸ್ತಿ ಆದ್ರೆ ಮುಚ್ಚುತ್ತವೆ.

ತೋಟ ಇರೋ ಮನೆಯವರಿಗೆ ಇದು ಗೊತ್ತಿರೋ ವಿಷಯ. ಬಾವಿಗೆ ಇಳಿಬಿಟ್ಟ ಪಂಪ್‌ಸೆಟ್ ಪೈಪಿನ ತುದಿಯಲ್ಲಿ ಫುಟ್‌ವಾಲ್ವ್ ಇರುತ್ತಲ್ಲ, ಥೇಟ್ ಹಾಗೇ. ಮೋಟರ್ ಎಳೆದಾಗ ತಾನೇ ತೆರೆಯುತ್ತೆ, ನಿಲ್ಲಿಸಿದಾಗ ಮೇಲಿನ ನೀರಿನ ಭಾರಕ್ಕೇ ಮುಚ್ಚಿಕೊಳ್ಳುತ್ತೆ. ಮಧ್ಯ ಒಂದು ಕಸ ಸಿಕ್ಕಿದ್ರೆ ನೀರೆಲ್ಲ ವಾಪಸ್ ಬಾವಿಗೆ ಇಳಿದು, ಬೆಳಿಗ್ಗೆ ಎದ್ದು ಪೈಪಿಗೆ ಮತ್ತೆ ನೀರು ತುಂಬಿಸಬೇಕು. ಹೃದಯದಲ್ಲಿ ಬಾಗಿಲು ಸರಿಯಾಗಿ ಮುಚ್ಚದೆ ರಕ್ತ ಹಿಂದಕ್ಕೆ ಬಂದ್ರೆ ಅದಕ್ಕೆ ರಿಗರ್ಜಿಟೇಶನ್ ಅಂತಾರೆ. ಸರಿಯಾಗಿ ತೆರೆಯದಿದ್ರೆ ಸ್ಟೆನೋಸಿಸ್. ವಾಲ್ವ್‌ನ ಕಾಯಿಲೆಗಳೆಲ್ಲ ಬಹುಮಟ್ಟಿಗೆ ಈ ಎರಡರೊಳಗೆ ಬರುತ್ತವೆ. ಒಂದೇ ವಾಲ್ವ್‌ಗೆ ಎರಡೂ ಇರಬಹುದು.

ಮೈಟ್ರಲ್ ಮತ್ತು ಟ್ರೈಕಸ್ಪಿಡ್ ಎಸಳುಗಳ ಅಂಚಿಗೆ ದಾರದಂಥ ಎಳೆಗಳಿವೆ. ಅವುಗಳ ಇನ್ನೊಂದು ತುದಿ ಕೆಳಕೋಣೆಯ ಒಳಗೋಡೆಯಿಂದ ಎದ್ದ ಪುಟ್ಟ ಸ್ನಾಯುಗಳಿಗೆ ಕಟ್ಟಿರುತ್ತೆ. ಈ ದಾರಗಳು ಬಾಗಿಲನ್ನು ಎಳೆದು ಮುಚ್ಚುತ್ತವೆ ಅಂತ ಅಂದುಕೊಳ್ಳೋರು ಬಹಳ ಜನ. ಮುಚ್ಚೋದು ರಕ್ತದ ಒತ್ತಡವೇ. ಗಾಳಿಗೆ ಛತ್ರಿ ಉಲ್ಟಾ ಆಗುತ್ತಲ್ಲ, ಹಾಗೆ ಎಸಳು ಮೇಲಿನ ಕೋಣೆಯೊಳಕ್ಕೆ ಮಗುಚಿಕೊಳ್ಳದ ಹಾಗೆ ಹಿಡಿದುಕೊಳ್ಳೋದು ಮಾತ್ರ ದಾರಗಳ ಕೆಲಸ.

0.8 ಸೆಕೆಂಡಿನಲ್ಲಿ ಏನೇನಾಗುತ್ತೆ

ಸುಮ್ಮನೆ ಕೂತಿದ್ದಾಗ ನಿಮಿಷಕ್ಕೆ 75 ಬಡಿತ ಅಂದುಕೊಳ್ಳಿ. ಒಂದು ಬಡಿತಕ್ಕೆ 0.8 ಸೆಕೆಂಡ್. ಎಡಗಡೆಯನ್ನೇ ನೋಡೋಣ. ಬಲಗಡೆಯಲ್ಲೂ ಅದೇ ಹೊತ್ತಿಗೆ ಇದೇ ಕೆಲಸ ಕಡಿಮೆ ಒತ್ತಡದಲ್ಲಿ ನಡೀತಿರುತ್ತೆ.

ಮೊದಲನೇದು, ತುಂಬೋದು. ಕೆಳಕೋಣೆ ಸಡಿಲವಾಗಿದೆ, ಒಳಗೆ ಒತ್ತಡ ಹತ್ತು ಎಂಎಂಗಿಂತ ಕಡಿಮೆ. ಮೇಲಿನ ಕೋಣೆಯಲ್ಲಿ ಅದಕ್ಕಿಂತ ಸ್ವಲ್ಪವೇ ಜಾಸ್ತಿ. ಮೈಟ್ರಲ್ ಬಾಗಿಲು ತೆರೆದಿದೆ, ರಕ್ತ ತಾನಾಗಿ ಇಳಿದು ಬರುತ್ತೆ. ತುಂಬಬೇಕಾದ್ದರಲ್ಲಿ ಶೇಕಡ 70ರಿಂದ 80ರಷ್ಟು ಹೀಗೆ ಯಾರೂ ತಳ್ಳದೆಯೇ ಬರುತ್ತೆ.

ಎರಡನೇದು, ಕೊನೆಯ ತಳ್ಳು. ಬಲ ಮೇಲ್ಕೋಣೆಯ ಗೋಡೆಯಲ್ಲಿರೋ ಒಂದು ಪುಟ್ಟ ಜಾಗದಿಂದ ವಿದ್ಯುತ್ ಹೊರಡುತ್ತೆ, ಮೇಲಿನ ಎರಡೂ ಕೋಣೆ ಹಿಂಡಿಕೊಂಡು ಉಳಿದ ರಕ್ತವನ್ನೂ ಕೆಳಗೆ ತಳ್ಳುತ್ತವೆ. ಆ ವಿದ್ಯುತ್ ಕೆಳಗಿಳಿಯೋ ಮುಂಚೆ ಮಧ್ಯದ ಒಂದು ಚೌಕಿಯಲ್ಲಿ ಸುಮಾರು 0.1 ಸೆಕೆಂಡ್ ತಡೆದು ನಿಲ್ಲುತ್ತೆ. ಆ ತಡ ಇಲ್ಲದಿದ್ರೆ ಮೇಲೂ ಕೆಳಗೂ ಒಟ್ಟಿಗೇ ಹಿಂಡಿ, ತುಂಬೋದು ಅರ್ಧಕ್ಕೇ ನಿಲ್ಲುತ್ತಿತ್ತು. ಈಗ ಕೆಳಕೋಣೆಯಲ್ಲಿ ಸುಮಾರು 120 ಮಿಲಿಲೀಟರ್ ರಕ್ತ ಇದೆ.

ಮೂರನೇದು, ಎಲ್ಲ ಬಾಗಿಲೂ ಬಂದ್. ಕೆಳಕೋಣೆ ಹಿಂಡಲು ಶುರು ಮಾಡಿದ ತಕ್ಷಣ ಒಳಗಿನ ಒತ್ತಡ ಮೇಲಿನ ಕೋಣೆಯದನ್ನು ದಾಟುತ್ತೆ, ಮೈಟ್ರಲ್ ಮುಚ್ಚಿಕೊಳ್ಳುತ್ತೆ. ಆದರೆ ಹೊರಗಿನ ಮಹಾಪಧಮನಿಯಲ್ಲಿ 80 ಎಂಎಂ ಒತ್ತಡ ಕೂತಿದೆ, ಅದನ್ನು ಮೀರೋವರೆಗೂ ಅಯೋರ್ಟಿಕ್ ಬಾಗಿಲು ತೆರೆಯಲ್ಲ. ಸುಮಾರು 0.05 ಸೆಕೆಂಡ್ ಎರಡೂ ಬಾಗಿಲು ಮುಚ್ಚಿದ ಕೋಣೆಯಲ್ಲಿ ಒತ್ತಡ ಮಾತ್ರ ಏರುತ್ತಿರುತ್ತೆ. ರಕ್ತ ಒಂದು ಹನಿಯೂ ಹೊರಗೆ ಹೋಗಲ್ಲ.

ನಾಲ್ಕನೇದು, ಹೊರಗೆ ಕಳಿಸೋದು. 80 ದಾಟಿತು, ಬಾಗಿಲು ತೆರೀತು. ಒತ್ತಡ 120ರವರೆಗೆ ಹೋಗಿ, ಸುಮಾರು 70 ಮಿಲಿಲೀಟರ್ ಹೊರಗೆ ಹೋಗುತ್ತೆ. 50 ಒಳಗೇ ಉಳಿಯುತ್ತೆ. ಪೂರ್ತಿ ಖಾಲಿ ಆಗೋದು ಯಾವತ್ತೂ ಇಲ್ಲ.

ಐದನೇದು, ಮತ್ತೆ ಎಲ್ಲ ಬಂದ್. ಕೋಣೆ ಸಡಿಲಗೊಳ್ಳುತ್ತೆ, ಒಳಗಿನ ಒತ್ತಡ ಹೊರಗಿನದಕ್ಕಿಂತ ಇಳಿಯುತ್ತೆ, ವಾಪಸ್ ಬರೋಕೆ ಹೊರಟ ರಕ್ತವೇ ಅಯೋರ್ಟಿಕ್ ಬಾಗಿಲನ್ನು ಮುಚ್ಚುತ್ತೆ. ಒತ್ತಡ ಇನ್ನೂ ಇಳಿದು ಮೇಲಿನ ಕೋಣೆಗಿಂತ ಕಡಿಮೆ ಆದಾಗ ಮೈಟ್ರಲ್ ತೆರೆದು, ಮೊದಲನೇ ಹಂತಕ್ಕೆ ವಾಪಸ್.

ಲಬ್-ಡಬ್ ಅಂತ ಕೇಳಿಸೋದು ಹಿಂಡೋ ಸದ್ದು ಅಂದುಕೊಂಡಿದ್ದೆ. ಅದು ಬಾಗಿಲು ಮುಚ್ಚೋ ಹೊತ್ತಿನ ಸದ್ದು. ಮೇಲಿನ ಎರಡು ಬಾಗಿಲು ಮುಚ್ಚಿ ರಕ್ತ ಗಕ್ಕನೆ ನಿಂತಾಗ ಲಬ್, ಹೊರಗಿನ ಎರಡು ಮುಚ್ಚಿದಾಗ ಡಬ್. ಆರೋಗ್ಯವಾಗಿರೋ ಬಾಗಿಲು ತೆರೆಯುವಾಗ ಸದ್ದು ಕೇಳಿಸಲ್ಲ. ಅಮ್ಮನ ಡಾಕ್ಟರು ಕಣ್ಣು ಮುಚ್ಚಿ ಹುಡುಕ್ತಿದ್ದದ್ದು ಡಬ್ ಆದ ಮೇಲೆ ಮೌನ ಇರಬೇಕಾದ ಜಾಗದಲ್ಲಿ ಬರೋ ಒಂದು ಸಣ್ಣ ಚಟಕ್ ಮತ್ತು ಅದರ ಹಿಂದೆ ಗುಡುಗುಡು. ಗಟ್ಟಿಯಾದ ಮೈಟ್ರಲ್ ಬಾಗಿಲು ತೆರೆದದ್ದು, ಕಿರಿದಾದ ದಾರಿಯಲ್ಲಿ ರಕ್ತ ನುಗ್ಗಿದ್ದು. ಎಡಕ್ಕೆ ಹೊರಳಿಸಿದ್ದೂ ಅದಕ್ಕೇ, ಹಾಗೆ ಮಲಗಿದಾಗ ಹೃದಯದ ತುದಿ ಎದೆಗೋಡೆಗೆ ಹತ್ತಿರ ಬರುತ್ತೆ.

ಈಗ ಅಮ್ಮನ ಪ್ರಶ್ನೆ

0.8 ಸೆಕೆಂಡನ್ನು ಎರಡು ಭಾಗ ಮಾಡಿ. ಹಿಂಡೋಕೆ ಸುಮಾರು 0.3, ಸಡಿಲಗೊಂಡು ತುಂಬೋಕೆ ಸುಮಾರು 0.5. ಅಂದ್ರೆ ಹೃದಯ ತನ್ನ ಹೆಚ್ಚು ಸಮಯವನ್ನು ಕಳೆಯೋದು ತುಂಬಿಕೊಳ್ಳೋದ್ರಲ್ಲಿ. ಎಡ ಕೆಳಕೋಣೆಯ ಗೋಡೆಗೆ ರಕ್ತ ಸಿಗೋದೂ ಬಹುಪಾಲು ಈ ಹೊತ್ತಿನಲ್ಲೇ, ಯಾಕಂದ್ರೆ ಹಿಂಡುವಾಗ ಆ ಗೋಡೆಯೊಳಗಿನ ರಕ್ತನಾಳಗಳೂ ಅಮುಕಿ ಹೋಗಿರುತ್ತವೆ.

ಮೆಟ್ಟಿಲು ಹತ್ತಿದಾಗ ಬಡಿತ 120ಕ್ಕೆ ಹೋಯ್ತು ಅನ್ನಿ. ಈಗ ಒಂದು ಬಡಿತಕ್ಕೆ 0.5 ಸೆಕೆಂಡ್. ಹಿಂಡೋ ಸಮಯ 0.3ರಿಂದ ಸುಮಾರು 0.25ಕ್ಕೆ ಮಾತ್ರ ಇಳಿಯುತ್ತೆ. ತುಂಬೋ ಸಮಯ 0.5ರಿಂದ 0.25ಕ್ಕೆ, ಅಂದ್ರೆ ಅರ್ಧಕ್ಕೆ ಬೀಳುತ್ತೆ. ವೇಗ ಹೆಚ್ಚಿದಾಗ ಹೊಡೆತ ತಿನ್ನೋದು ತುಂಬೋ ಸಮಯವೇ.

ಒಂದು ನಿಮಿಷದ ಲೆಕ್ಕ ಹಾಕೋಣ. 75ರಲ್ಲಿ ಮೈಟ್ರಲ್ ದಾರಿಗೆ ಸಿಗೋ ಸಮಯ 37.5 ಸೆಕೆಂಡ್, ಹೋಗಬೇಕಾದ ರಕ್ತ ಸುಮಾರು 5 ಲೀಟರ್. 120ರಲ್ಲಿ ಸಿಗೋ ಸಮಯ 30 ಸೆಕೆಂಡ್, ಆದರೆ ಮೆಟ್ಟಿಲು ಹತ್ತುತ್ತಿರೋ ಕಾಲಿಗೆ ರಕ್ತ ಜಾಸ್ತಿ ಬೇಕು, 10 ಲೀಟರ್ ಅಂದುಕೊಳ್ಳಿ. ಕಡಿಮೆ ಸಮಯದಲ್ಲಿ ಎರಡರಷ್ಟು. ಬಾಗಿಲಿನ ಮೂಲಕ ಹರಿಯೋ ವೇಗ ಎರಡೂವರೆ ಪಟ್ಟಾಯ್ತು. ಇಂಜಿನಿಯರಿಂಗ್ ಓದಿದವರಿಗೆ ಗೊತ್ತಿರುತ್ತೆ, ಒಂದು ತೂತಿನ ಮೂಲಕ ಹರಿವು ಹೆಚ್ಚಿಸಬೇಕಾದ್ರೆ ಒತ್ತಡದ ವ್ಯತ್ಯಾಸ ಅದರ ವರ್ಗದಷ್ಟು ಏರಬೇಕು. ಎರಡೂವರೆಯ ವರ್ಗ ಆರು ಚಿಲ್ಲರೆ. ಅಂದ್ರೆ ಒತ್ತಡದ ವ್ಯತ್ಯಾಸ ಆರು ಪಟ್ಟು.

ಆರೋಗ್ಯವಂತರ ಮೈಟ್ರಲ್ ಬಾಗಿಲು 4ರಿಂದ 6 ಚದರ ಸೆಂಟಿಮೀಟರ್. ಅಲ್ಲಿ ಕೂತಿದ್ದಾಗ ವ್ಯತ್ಯಾಸ ಒಂದು ಎಂಎಂ ಆಸುಪಾಸು ಇರುತ್ತೆ. ಆರು ಪಟ್ಟಾದ್ರೂ ಗೊತ್ತಾಗಲ್ಲ. ಅಮ್ಮನದು 1.2. ಕೂತಿದ್ದಾಗಲೇ ವ್ಯತ್ಯಾಸ 8 ಎಂಎಂ ಅಂತ ಎಕೋದಲ್ಲಿತ್ತು. ಆರು ಪಟ್ಟು ಅಂದ್ರೆ 48. ಅಷ್ಟು ಒತ್ತಡ ಮೇಲಿನ ಕೋಣೆಯಲ್ಲಿ ನಿಲ್ಲೋಕೆ ಸಾಧ್ಯವೇ ಇಲ್ಲ, ಅದಕ್ಕೆ ಮುಂಚೆಯೇ ತೊಂದರೆ ಶುರುವಾಗುತ್ತೆ. ಯಾಕಂದ್ರೆ ಶ್ವಾಸಕೋಶಕ್ಕೂ ಎಡ ಮೇಲ್ಕೋಣೆಗೂ ಮಧ್ಯ ಬಾಗಿಲೇ ಇಲ್ಲ! ಇಲ್ಲಿ ಏರಿದ ಒತ್ತಡ ನೇರ ಶ್ವಾಸಕೋಶದ ರಕ್ತನಾಳಗಳಿಗೆ ಹೋಗುತ್ತೆ, ಅಲ್ಲಿಂದ ನೀರು ಜಿನುಗೋಕೆ ಶುರುವಾಗುತ್ತೆ. ಉಸಿರು ಕಟ್ಟೋದು ಅದಕ್ಕೆ.

ಲೋಕಲ್ ರೈಲು ನೆನೆಸಿಕೊಳ್ಳಿ. ನಾಲ್ಕು ಜನ ಒಟ್ಟಿಗೆ ಹತ್ತಬಹುದಾಗಿದ್ದ ಬಾಗಿಲಲ್ಲಿ ಒಬ್ಬರೇ ತೂರಬಹುದು. ರೈಲು ಸಾಕಷ್ಟು ಹೊತ್ತು ನಿಂತ್ರೆ ಹೇಗೋ ಎಲ್ಲರೂ ಹತ್ತುತ್ತಾರೆ. ನಿಲ್ಲೋ ಸಮಯ ಅರ್ಧ ಮಾಡಿ, ಹೆಚ್ಚು ರೈಲು ಓಡಿಸಿದ್ರೆ? ಪ್ರತಿ ರೈಲೂ ಅರ್ಧ ಖಾಲಿ ಹೋಗುತ್ತೆ, ಪ್ಲಾಟ್‌ಫಾರ್ಮ್ ತುಂಬಿ ಜನ ಮೇಲ್ಸೇತುವೆಯ ಮೆಟ್ಟಿಲವರೆಗೂ ನಿಲ್ಲುತ್ತಾರೆ. ಪ್ಲಾಟ್‌ಫಾರ್ಮೇ ಎಡ ಮೇಲ್ಕೋಣೆ, ಮೇಲ್ಸೇತುವೆ ಶ್ವಾಸಕೋಶ.

ಆ ಎರಡನೇ ಮಾತ್ರೆ ಬೀಟಾ ಬ್ಲಾಕರ್. ಅದು ಬಾಗಿಲನ್ನು ಅಗಲ ಮಾಡಲ್ಲ. ಮೆಟ್ಟಿಲು ಹತ್ತಿದಾಗ ಬಡಿತ ಎಗರದ ಹಾಗೆ ಹಿಡಿದು, ರೈಲನ್ನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲಿಸುತ್ತೆ. ಅಮ್ಮನಿಗೆ ನಾನು ಹೇಳಿದ್ದು ಹೀಗೆ: "ಅಮ್ಮ, ನಿನ್ನ ಗುಂಡಿಗೆ ಸೋತಿಲ್ಲ. ಅದಕ್ಕೆ ಕೊಡ ತುಂಬೋಕೆ ಹೊತ್ತು ಸಾಕಾಗ್ತಿಲ್ಲ. ನಲ್ಲಿ ಸಣ್ಣಗೆ ಬರ್ತಿದ್ರೆ ಕೊಡ ಬೇಗ ಎತ್ತಿಬಿಟ್ರೆ ಅರ್ಧ ತಾನೇ ಇರುತ್ತೆ? ಈ ಮಾತ್ರೆ ಕೊಡ ತುಂಬೋವರೆಗೂ ಕಾಯಿಸುತ್ತೆ." ಅಮ್ಮ ಒಂದು ಕ್ಷಣ ಯೋಚಿಸಿ, "ಇಷ್ಟು ಹೇಳೋಕೆ ಎರಡು ವಾರ ಬೇಕಾಯ್ತಾ?" ಅಂದ್ರು. ಅವತ್ತು ರಾತ್ರಿಯಿಂದ ಮಾತ್ರೆ ತಗೊಂಡ್ರು.

ಬಾಗಿಲು ಕಿರಿದಾಗಿದ್ದು ಹೇಗೆ

ಡಾಕ್ಟರು ಕೇಳಿದ ಮೊದಲ ಪ್ರಶ್ನೆ, ಚಿಕ್ಕವರಿದ್ದಾಗ ಕೀಲು ಊದಿಕೊಂಡು ಜ್ವರ ಬಂದಿತ್ತಾ ಅಂತ. ಬಂದಿತ್ತು. ಅಮ್ಮ ಐದನೇ ಕ್ಲಾಸಿನಲ್ಲಿದ್ದಾಗ ಮೊದಲು ಮಂಡಿ, ಆಮೇಲೆ ಮೊಣಕೈ ಅಂತ ನೋವು ಜಾಗ ಬದಲಾಯಿಸ್ತಾ ಹೋಗಿ, ತಿಂಗಳುಗಟ್ಟಲೆ ಶಾಲೆ ತಪ್ಪಿತ್ತಂತೆ. ಅದು ರುಮ್ಯಾಟಿಕ್ ಫೀವರ್. ಸ್ಟ್ರೆಪ್ಟೊಕಾಕಸ್ ಅನ್ನೋ ಬ್ಯಾಕ್ಟೀರಿಯಾದಿಂದ ಗಂಟಲು ನೋವು ಬರುತ್ತೆ, ಔಷಧಿ ಬೀಳಲ್ಲ. ಅದರ ಮೇಲೆ ಯುದ್ಧಕ್ಕೆ ಹೊರಟ ದೇಹದ ಸೈನ್ಯ ಕೆಲವರಲ್ಲಿ ಗುರುತು ತಪ್ಪಿ ಹೃದಯದ ವಾಲ್ವ್ ಮೇಲೇ ಬೀಳುತ್ತೆ. ಹೆಚ್ಚಾಗಿ 5ರಿಂದ 15 ವರ್ಷದ ಮಕ್ಕಳಲ್ಲಿ. ಕೀಲಿನ ನೋವು ವಾಸಿಯಾಗುತ್ತೆ, ವಾಲ್ವ್‌ನ ಗಾಯ ಉಳಿಯುತ್ತೆ. ವರ್ಷಗಟ್ಟಲೆ ನಿಧಾನವಾಗಿ ಎರಡು ಎಸಳಿನ ಅಂಚುಗಳು ಒಂದಕ್ಕೊಂದು ಅಂಟಿಕೊಂಡು ಗಟ್ಟಿಯಾಗುತ್ತವೆ. ಸರಿಯಾದ ಹೊತ್ತಿಗೆ ಪೆನಿಸಿಲಿನ್ ಸಿಕ್ಕಿದ್ರೆ ಇದನ್ನು ತಡೆಯಬಹುದು. ನಮ್ಮ ದೇಶದಲ್ಲಿ ಈ ಕಾಯಿಲೆ ಇನ್ನೂ ಇದೆ, ಮೈಟ್ರಲ್ ಕಿರಿದಾಗೋದು ಹೆಂಗಸರಲ್ಲೇ ಹೆಚ್ಚು.

ಅಂಟಿಕೊಂಡದ್ದನ್ನು ಬಿಡಿಸೋ ದಾರಿಯೂ ಇದೆ. ಜಪಾನಿನ ಸರ್ಜನ್ ಕಾಂಜಿ ಇನೌಯೆ 1980ರ ದಶಕದ ಮೊದಲಲ್ಲಿ ಒಂದು ಬಲೂನು ಮಾಡಿದ್ರು. ತೊಡೆಸಂದಿನ ರಕ್ತನಾಳದಿಂದ ಬಲ ಮೇಲ್ಕೋಣೆಗೆ ಹೋಗಿ, ನಡುವಿನ ಗೋಡೆಯಲ್ಲಿ ಸಣ್ಣ ತೂತು ಮಾಡಿ ಎಡಕ್ಕೆ ದಾಟಿ, ಮೈಟ್ರಲ್ ಬಾಗಿಲಿನ ಮಧ್ಯದಲ್ಲಿ ಬಲೂನನ್ನು ಕೆಲವೇ ಸೆಕೆಂಡ್ ಉಬ್ಬಿಸ್ತಾರೆ. ಅಂಟಿದ ಅಂಚು ಬಿಟ್ಟುಕೊಳ್ಳುತ್ತೆ. ಎದೆ ಕೊಯ್ಯಬೇಕಿಲ್ಲ. ಎಲ್ಲರಿಗೂ ಇದು ಆಗಲ್ಲ. ವಾಲ್ವ್‌ನಲ್ಲಿ ಸುಣ್ಣ ಕಟ್ಟಿದ್ರೆ, ಹಿಂದಕ್ಕೆ ಸೋರಿಕೆ ಜಾಸ್ತಿ ಇದ್ರೆ, ಮೇಲಿನ ಕೋಣೆಯಲ್ಲಿ ರಕ್ತ ಹೆಪ್ಪುಗಟ್ಟಿದ್ರೆ ಬೇರೆ ದಾರಿ ನೋಡಬೇಕಾಗುತ್ತೆ. ವಾಲ್ವೇ ಬದಲಾಯಿಸೋದು ಅದರಲ್ಲೊಂದು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಡಾ. ಎಂ.ಎಸ್. ವಲಿಯತ್ತಾನ್ ಅವರ ತಂಡ ವರ್ಷಾನುಗಟ್ಟಲೆ ದುಡಿದು ನಮ್ಮದೇ ಕೃತಕ ವಾಲ್ವ್ ಮಾಡಿತು. 1990ರಲ್ಲಿ ಅದನ್ನು ಮೊದಲ ಸಲ ರೋಗಿಗೆ ಹಾಕಿದ್ರು. ಅದು ಒಂದು ಚೌಕಟ್ಟಿನಲ್ಲಿ ಓರೆಯಾಗೋ ಬಿಲ್ಲೆ. ಅದಕ್ಕೂ ಮೋಟರ್ ಇಲ್ಲ, ತೆರೆಯೋದೂ ಮುಚ್ಚೋದೂ ರಕ್ತದ ಒತ್ತಡಕ್ಕೇ.

ಊರಿಂದ ಎಕೋ ರಿಪೋರ್ಟ್ ವಾಟ್ಸಾಪಿನಲ್ಲಿ ಬಂದಾಗ

ನಮ್ಮಲ್ಲಿ ಬಹಳ ಜನರ ಪಾಡು ಇದು. ರಾತ್ರಿ ಹತ್ತಕ್ಕೆ ಕಾಲ್ ಮುಗಿಸಿ ನೋಡಿದ್ರೆ ಅಪ್ಪ ಅಮ್ಮನ ರಿಪೋರ್ಟಿನ ಮಸುಕು ಫೋಟೋ. ನಾವು ಮೊದಲು ಹುಡುಕೋದು ಇಎಫ್. ಅಂದ್ರೆ ತುಂಬಿದ್ದರಲ್ಲಿ ಎಷ್ಟು ಪಾಲು ಹೊರಗೆ ಹೋಯ್ತು ಅಂತ. 120ರಲ್ಲಿ 70 ಹೋದ್ರೆ ಹತ್ತಿರ ಹತ್ತಿರ ಶೇಕಡ 58, ಅದು ಸರಿಯಾಗೇ ಇದೆ. ಅಮ್ಮನದು 60 ಇತ್ತು. ನಾನು ಅದನ್ನು ನೋಡಿ "ಏನೂ ಇಲ್ಲ" ಅಂತ ತಂಗಿಗೆ ಫೋನ್ ಮಾಡಿಬಿಟ್ಟಿದ್ದೆ. ಇಎಫ್ ಹೇಳೋದು ಎಡ ಕೆಳಕೋಣೆ ಹೇಗೆ ಹಿಂಡ್ತಿದೆ ಅನ್ನೋದನ್ನು ಮಾತ್ರ. ಅದಕ್ಕೆ ಮುಂಚಿನ ಬಾಗಿಲ ಹತ್ರ ಜನ ಮೇಲ್ಸೇತುವೆಯವರೆಗೆ ನಿಂತಿದ್ರೂ ಇಎಫ್‌ಗೆ ಗೊತ್ತಾಗಲ್ಲ.

ಹಾಗಾಗಿ ವಾಲ್ವ್‌ಗಳ ಸಾಲನ್ನೂ ಓದಿ. ಎಂಎಸ್ ಅಂದ್ರೆ ಮೈಟ್ರಲ್ ಕಿರಿದಾಗಿದೆ, ಎಂಆರ್ ಅಂದ್ರೆ ಹಿಂದಕ್ಕೆ ಸೋರ್ತಿದೆ. ಎಎಸ್, ಎಆರ್ ಅಂದ್ರೆ ಅಯೋರ್ಟಿಕ್‌ಗೆ ಅದೇ ಅರ್ಥ. ಮುಂದೆ ಮೈಲ್ಡ್, ಮಾಡರೇಟ್, ಸಿವಿಯರ್ ಅಂತಿರುತ್ತೆ. ಅತಿ ಸಣ್ಣ ಸೋರಿಕೆ ಆರೋಗ್ಯವಂತರಲ್ಲೂ ಕಾಣುತ್ತೆ, ಆ ಪದ ನೋಡಿದ ಕೂಡಲೇ ಗಾಬರಿ ಬೇಡ. ಮೈಟ್ರಲ್ ಏರಿಯಾ 1.5 ಅಥವಾ ಕಡಿಮೆ ಇದ್ರೆ ಅದನ್ನು ಸಿವಿಯರ್ ಅಂತಲೇ ಲೆಕ್ಕ ಹಾಕ್ತಾರೆ. ಮಾತ್ರೆ ಬಿಡೋದು, ಬದಲಾಯಿಸೋದು ಮಾತ್ರ ಡಾಕ್ಟರನ್ನು ಕೇಳಿಯೇ. ನಿಧಾನ ಮಾಡೋ ಮಾತ್ರೆ ಅಮ್ಮನ ತೊಂದರೆಗೆ ಸರಿ, ಎಲ್ಲ ವಾಲ್ವ್ ತೊಂದರೆಗೂ ಅದೇ ಸರಿ ಅಲ್ಲ. ಹಿಂದಕ್ಕೆ ಜೋರಾಗಿ ಸೋರೋ ಅಯೋರ್ಟಿಕ್ ವಾಲ್ವ್ ಇದ್ದೋರಿಗೆ ತುಂಬೋ ಸಮಯ ಹೆಚ್ಚಿದ್ರೆ ಸೋರೋ ಸಮಯವೂ ಹೆಚ್ಚುತ್ತೆ.

ಅಮ್ಮನಿಗೆ ಮೂರು ತಿಂಗಳ ಮೇಲೆ ಬಲೂನು ಮಾಡಿಸಿದ್ವಿ. ಏರಿಯಾ 1.2ರಿಂದ 1.9 ಆಯ್ತು. ಪೂರ್ತಿ ಮೊದಲಿನ ಹಾಗಲ್ಲ, ಮತ್ತೆ ನಿಧಾನವಾಗಿ ಕಿರಿದಾಗಬಹುದು, ಅದಕ್ಕೇ ವರ್ಷಕ್ಕೊಂದು ಎಕೋ ಇದೆ. ಈಗ ಕಡೂರಿನಲ್ಲಿದ್ದಾರೆ. ಮಾತ್ರೆ ತಗೊಂಡ್ಯಾ ಅಂತ ದಿನಾ ಫೋನಿನಲ್ಲಿ ಕೇಳ್ತೀನಿ. "ಕೊಡ ತುಂಬ್ತಾ ಇದೆ, ಫೋನಿಡು" ಅಂತಾರೆ.

ನಿಮ್ಮ ಮನೆಯ ಹಿರಿಯರು ಮೆಟ್ಟಿಲ ಮಧ್ಯ ಕೂತು "ವಯಸ್ಸಾಯ್ತು" ಅಂದ್ರೆ, ಒಂದು ಸಲ ಎದೆಗೆ ಸ್ಟೆತಾಸ್ಕೋಪ್ ಇಡಿಸಿ. ಡಾಕ್ಟರು ಹೇಳಿದ್ದನ್ನು ಅವರಿಗೆ ಅವರ ಮಾತಲ್ಲೇ ಪೂರ್ತಿ ಹೇಳಿ.